ತೀರ್ಥೋದ್ಭವವನ್ನು ಅಳೆಯಬಹುದು, ದೇವರನ್ನು?

ಪ್ರಶ್ನೆ (ಮಡಿಕೇರಿಯಿಂದ):
ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವನ್ನು ನೋಡಿ, ಬಿಂದಿಗೆಯಲ್ಲಿ ತೀರ್ಥ ತುಂಬಿಕೊಂಡು ಮರಳುತ್ತಿದ್ದಾಗ, ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ಒಂದು ಮಾತು ಕೇಳಿದಳು. ಕಾವೇರಿ ಉಕ್ಕುವ ಪುಟ್ಟ ಕೊಳವಾದ ಬ್ರಹ್ಮಕುಂಡಿಕೆಯಲ್ಲಿ ನೀರಿನ ಮಟ್ಟವನ್ನು ಅಳೆಯುವ ಉಪಕರಣವೊಂದನ್ನು ಇಟ್ಟರೆ ದೇವರು ಇದ್ದಾನೋ ಇಲ್ಲವೋ ತಿಳಿಯುವುದಿಲ್ಲವೇ ಎಂದಳು. ಅವಳ ಮಾತಿನಲ್ಲಿ ಕುಚೋದ್ಯವಿರಲಿಲ್ಲ, ಆದ್ದರಿಂದ ಉತ್ತರವನ್ನೂ ಅಷ್ಟೇ ಶ್ರದ್ಧೆಯಿಂದ ಕೊಡಬೇಕೆನಿಸಿತು. ದೇವರ ಅಸ್ತಿತ್ವವನ್ನು ವಿಜ್ಞಾನ ಪರೀಕ್ಷಿಸಬಲ್ಲದೇ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1 (ವಿರಾಜಪೇಟೆಯಿಂದ):
ನಾನು ಭೌತಶಾಸ್ತ್ರ ಕಲಿಸುವವನು. ನಿಮ್ಮ ಮಗಳ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆಸೆದುಕೊಂಡಿವೆ. ನಿಗದಿತ ಮುಹೂರ್ತದಲ್ಲಿ ಕುಂಡಿಕೆಯ ನೀರು ಉಕ್ಕುತ್ತದೆ ಎಂಬುದು ಖಂಡಿತವಾಗಿ ಪರೀಕ್ಷಿಸಬಹುದಾದ ಮಾತು. ಆದರೆ ಆ ಒಂದು ಗಳಿಗೆಯಲ್ಲಿ ಮಾತ್ರ ಅಳೆದರೆ ಏನೂ ತಿಳಿಯುವುದಿಲ್ಲ. ಮುಂಗಾರು ಮುಗಿಯುವ ಅಕ್ಟೋಬರ್ ಹೊತ್ತಿಗೆ ಬ್ರಹ್ಮಗಿರಿಯ ಒರತೆಗಳೆಲ್ಲ ತುಂಬಿರುತ್ತವೆ, ಆದ್ದರಿಂದ ವಾರಗಟ್ಟಲೆ ಹಗಲೂ ರಾತ್ರಿಯೂ ಅಳೆದು, ಅದೇ ಬೆಟ್ಟದ ಬೇರೊಂದು ಒರತೆಯೊಡನೆ ಹೋಲಿಸಿ, ಮಳೆಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಇನ್ನೊಂದು ತೊಡಕೂ ಇದೆ: ಸೂರ್ಯ ತುಲಾ ರಾಶಿಯನ್ನು ಪ್ರವೇಶಿಸುವ ಕ್ಷಣವು ಲೆಕ್ಕದ ಪದ್ಧತಿಯನ್ನು ಅವಲಂಬಿಸಿದೆ; ಇಂದಿನ ಖಗೋಳ ವೀಕ್ಷಣೆಗೆ ಹೊಂದಿಸಿದ ದೃಕ್ ಗಣಿತದ ಪಂಚಾಂಗಕ್ಕೂ ಪ್ರಾಚೀನ ಗ್ರಂಥವಾದ ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ಹೊತ್ತು ವ್ಯತ್ಯಾಸವಾಗುತ್ತದೆ. ಯಾವ ಮುಹೂರ್ತವನ್ನು ಪರೀಕ್ಷಿಸುತ್ತೇವೆ ಎಂಬುದನ್ನು ಮೊದಲೇ ಬರೆದಿಡದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ.

ಇಷ್ಟೆಲ್ಲ ಮಾಡಿ ನೀರು ಏರಲಿಲ್ಲವೆಂದು ಕಂಡರೂ ಕಾವೇರಮ್ಮ ಇಲ್ಲವೆಂದಾಗುವುದಿಲ್ಲ, ಏರಿದರೂ ಇದ್ದಾಳೆಂದಾಗುವುದಿಲ್ಲ. ಪರೀಕ್ಷೆಗೆ ಒಳಗಾದದ್ದು ಒರತೆಯ ಬಗೆಗಿನ ಒಂದು ಹೇಳಿಕೆ, ಅಷ್ಟೆ.

ಉತ್ತರ 2 (ಸೋಮವಾರಪೇಟೆಯಿಂದ):
ಮೇಲಿನವರ ವಿಧಾನವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆ ಎಂಬ ನಂಬಿಕೆಯನ್ನೂ ಹೀಗೆಯೇ ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ನಡೆದ ಗುಂಪಿನ ಶೇ. 52 ಜನರಿಗೂ ನಡೆಯದ ಗುಂಪಿನ ಶೇ. 51 ಜನರಿಗೂ ತೊಡಕುಗಳು ಕಾಣಿಸಿಕೊಂಡವು. ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ತಿಳಿದಿದ್ದವರಲ್ಲಿ ಆ ಪ್ರಮಾಣ ಶೇ. 59. ಪ್ರತಿಯೊಂದು ಪರೀಕ್ಷೆಯಲ್ಲಿ ಸೋತಾಗಲೂ "ಅದು ದೇವರಲ್ಲ, ಕೇವಲ ಹೇಳಿಕೆ" ಎಂದು ಹಿಂದೆ ಸರಿಯುತ್ತ ಹೋದರೆ ಕಡೆಗೆ ಉಳಿಯುವ ದೇವರ ಬಗ್ಗೆ ಹೇಳಲು ಏನಿದೆ? ಯಾವ ಅನುಭವದಿಂದಲೂ ಸುಳ್ಳಾಗಲಾರದ ಮಾತು ವಿಜ್ಞಾನದ ಮಾತಲ್ಲ ಎಂದು ತತ್ತ್ವಜ್ಞಾನಿ ಕಾರ್ಲ್ ಪಾಪರ್ ಹೇಳಿದ್ದು ಇದಕ್ಕೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ತೋರಿದ ನೇರತನ ನಮಗೂ ಬೇಕು.

ಉತ್ತರ 3 (ಭಾಗಮಂಡಲದಿಂದ):
ಆ ಅಧ್ಯಯನವನ್ನು ನಾನೂ ಓದಿದ್ದೇನೆ. ಪ್ರಾರ್ಥನೆ ನಡೆಯದ ಗುಂಪಿನವರ ಮನೆಯವರು ಮನಸ್ಸಿನಲ್ಲೇ ಕೈಮುಗಿಯುವುದನ್ನು ಯಾವ ವೈದ್ಯರೂ ತಡೆಯಲಾರರು, ಹೀಗಾಗಿ ಅಲ್ಲಿ ಹೋಲಿಸಿದ್ದು ಅಪರಿಚಿತರ ಹೆಚ್ಚುವರಿ ಪ್ರಾರ್ಥನೆಯನ್ನು ಮಾತ್ರ. ನಮ್ಮ ದರ್ಶನಗಳಲ್ಲಿ ಈ ಜಗಳ ಹಳೆಯದು. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃವಿರಬೇಕೆಂದು ನೈಯಾಯಿಕರಾದ (ನ್ಯಾಯದರ್ಶನದ) ಉದಯನಾಚಾರ್ಯರು ಅನುಮಾನದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ತರ್ಕದಿಂದ, ಸಾಧಿಸಹೊರಟರೆ, ಬ್ರಹ್ಮವು ಇಂದ್ರಿಯಗಳಿಗೆ ವಿಷಯವಲ್ಲವಾದ್ದರಿಂದ ಬರಿಯ ತರ್ಕದಿಂದ ಅದನ್ನು ನಿಶ್ಚಯಿಸಲಾಗದೆಂದು ಶಂಕರರು ಹೇಳಿದರು. ಶಂಕರರ ನಿಲುವು ಸೋತು ಹಿಂದೆ ಸರಿದದ್ದಲ್ಲ. ಪರೀಕ್ಷೆಯ ಮಾತು ಹುಟ್ಟುವ ಮೊದಲೇ ಹೇಳಿದ್ದು. ಸೋಮವಾರಪೇಟೆಯವರ ಆಕ್ಷೇಪ ಪವಾಡ ತೋರುವೆನೆಂಬ ದೇವರಿಗೆ ಸರಿಯಾಗಿ ತಾಗುತ್ತದೆ, ಈ ಬ್ರಹ್ಮಕ್ಕೆ ತಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಮೂರೂ ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. ಅವಳು ಸೋಮವಾರಪೇಟೆಯವರ ಪಕ್ಷ. ಕೇಳಿಸಿಕೊಳ್ಳುತ್ತಿದ್ದ ನನ್ನ ತಾಯಿ, ಆ ತೀರ್ಥವನ್ನು ಇಟ್ಟುಕೊಂಡಿರುವುದು ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಬಿಡಲು, ಅದು ಎಷ್ಟು ಗಂಟೆಗೆ ಉಕ್ಕಿತೆಂದು ತಮ್ಮ ಕಾಲದಲ್ಲಿ ಯಾರೂ ಗಡಿಯಾರ ನೋಡಿರಲಿಲ್ಲ ಎಂದರು. ವಿರಾಜಪೇಟೆಯವರಲ್ಲಿ ಒಂದು ವಿನಂತಿ: ದೇವಸ್ಥಾನದವರ ಒಪ್ಪಿಗೆ ದೊರೆತರೆ, ಅಳತೆಯನ್ನು ಸಂಕ್ರಮಣಕ್ಕೆ ಎಷ್ಟು ವಾರ ಮೊದಲೇ ಆರಂಭಿಸಬೇಕೆಂದು ತಿಳಿಸುವಿರಾ?