ಗೋಲಿ ಟೊಮೇಟೊ: ತೋಟಗಾರಿಕೆ ಮೇಡಂ ಇದ್ದಾರೆ, ಕೇಳಿ

ಅಡ್ಮಿನ್: ಮೇಡಂ ಏಳು ಗಂಟೆವರೆಗೆ ಇರುತ್ತಾರೆ. ಇವತ್ತಿನ ವಿಷಯ ಕಾಡು ಚೆರ್ರಿ ಟೊಮೇಟೊ. ಗುಡ್ ಈವ್ನಿಂಗ್ ಚಿತ್ರ ಹಾಕಬೇಡಿ.

ಚಳ್ಳಕೆರೆ ರೈತ: ನಮಸ್ಕಾರ ಮೇಡಂ. ತಿಪ್ಪೆ ಪಕ್ಕ ತಾನಾಗೇ ಹುಟ್ಟಿದ ಗಿಡ. ಹಣ್ಣು ಗೋಲಿ ಗಾತ್ರ. ಡಿಸೆಂಬರಲ್ಲಿ ಚೆನ್ನಾಗಿ ಕೆಂಪಾಗಿತ್ತು. ಅದೇ ಬೀಜ ಹಾಕಿದೆ, ಈಗ ಏಪ್ರಿಲಲ್ಲಿ ಹಳದಿಗೇ ನಿಂತು ಮೆತ್ತಗಾಗುತ್ತಿದೆ. ಅಂಗಡಿಯವರು ಹಣ್ಣು ಮಾಡಿಸುವ ಔಷಧಿ ಕೊಟ್ಟಿದ್ದಾರೆ. ಹೊಡೆಯಲಾ?

ದಾವಣಗೆರೆ ಅಕ್ಕ: ಫ್ರಿಜ್ಜಲ್ಲಿ ಇಡಬಹುದಾ ಮೇಡಂ?

ಮೇಡಂ: ಅಕ್ಕಾ, ಬೇಡ. ತಣ್ಣಗಿಟ್ಟರೆ ವಾಸನೆ, ರುಚಿ ಎರಡೂ ಹೋಗುತ್ತವೆ.

ಚಳ್ಳಕೆರೆಯವರೇ, ಹೊಡೆಯಬೇಡಿ. ಆ ಕೆಂಪು ಅಂದರೆ ಲೈಕೋಪೀನ್. ಹಣ್ಣಿನ ಬಿಸಿ 30–32 ಡಿಗ್ರಿ ದಾಟಿದರೆ ಅದು ತಯಾರಾಗುವುದು ಕುಂಟುತ್ತದೆ, ಹಳದಿ ಬಣ್ಣದ ಕ್ಯಾರೊಟಿನ್ ಮಾತ್ರ ಬರುತ್ತಲೇ ಇರುತ್ತದೆ. ನೇರ ಬಿಸಿಲು ಬಿದ್ದ ಹಣ್ಣು ಸುತ್ತಲಿನ ಗಾಳಿಗಿಂತಲೂ ಬಿಸಿ ಇರುತ್ತದೆ, ನಿಮ್ಮೂರ ಏಪ್ರಿಲ್ ಹೇಗೆ ಅಂತ ನಾನು ಹೇಳಬೇಕಾ? ಔಷಧಿ ಹೊಡೆದರೆ ಇನ್ನೂ ಬೇಗ ಮೆತ್ತಗಾಗುತ್ತದೆ ಅಷ್ಟೇ. ಒಂದು ಕೇಳುತ್ತೇನೆ, ಎಲೆ ಸವರಿ ತೆಗೆದಿದ್ದೀರಾ?

ಚಳ್ಳಕೆರೆ ರೈತ: ಹೌದು ಮೇಡಂ. ಬಿಸಿಲು ಬಿದ್ದರೆ ಬಣ್ಣ ಬರುತ್ತದೆ ಅಂದರು.

ಮೇಡಂ: ಅಲ್ಲೇ ಆಗಿದ್ದು ಎಡವಟ್ಟು! ಉಳಿದ ಎಲೆಗಳ ಕೆಳಗೆ ಕೈ ಹಾಕಿ ಗೊಂಚಲು ಎತ್ತಿ ನೋಡಿ. ನೆರಳಿನ ಹಣ್ಣು ಕೆಂಪು, ಬಿಸಿಲಿಗೆ ಮುಖ ಕೊಟ್ಟಿದ್ದು ಹಳದಿ ಇದ್ದರೆ ಕಾರಣ ಅದೇ. ನೆರಳು ಪರದೆ ಕಟ್ಟಿ. ಬಣ್ಣ ತಿರುಗಿದ ತಕ್ಷಣ ಕಿತ್ತು ಒಳಗೆ ತಂಪಿರುವ ಕಡೆ ಹರಡಿ. ನೀರು ಒಂದು ವಾರ ಬಿಟ್ಟು ಒಮ್ಮೆಲೇ ಕೊಡಬೇಡಿ, ಸಿಪ್ಪೆ ಸೀಳುತ್ತದೆ.

ಜಗಳೂರು: ಎಲೆ ಮುದುಡಿದೆ, ಫೋಟೊ ಹಾಕಿದ್ದೇನೆ, ನೋಡಿ.

ಹೊಳಲ್ಕೆರೆ ತೋಟ: ಇದೇ ನಿಜವಾದ ಕಾಡು ಟೊಮೇಟೊ. ಸತ್ವ ನಾಟಿಯಲ್ಲೇ ಇರುವುದು. ಹೈಬ್ರಿಡ್ ವಿಷ.

ಹರಿಹರ: ವಿಷ ಅಂತೆ! ನಿಮ್ಮ ನಾಟಿ ಹಣ್ಣು ಮಂಡಿಗೆ ಹೋಗೋಷ್ಟರಲ್ಲಿ ಕ್ರೇಟ್ ತಳದಲ್ಲಿ ರಸ. ತಗೊಳೋರು ಯಾರು?

ಹೊಳಲ್ಕೆರೆ ತೋಟ: ದುಡ್ಡೊಂದೇ ನೋಡೋರಿಗೆ ಹೇಳಿ ಪ್ರಯೋಜನ ಇಲ್ಲ ಬಿಡಿ.

ಹರಿಹರ: ಸಾಲ ನೀವು ತೀರಿಸ್ತೀರಾ?

ಮೇಡಂ: ಇಬ್ಬರೂ ಸ್ವಲ್ಪ ನಿಲ್ಲಿಸಿ. ನಿಜವಾದ ಕಾಡು ಟೊಮೇಟೊ ಪೆರು, ಈಕ್ವೆಡಾರ್ ಕಡೆಯದು. ಒಂದು ಹಣ್ಣು ಸುಮಾರು 1 ಗ್ರಾಂ. ತಿಪ್ಪೆಯಲ್ಲಿ ಹುಟ್ಟಿದ್ದು ಯಾರೋ ಎಸೆದ ಚೆರ್ರಿ ಹಣ್ಣಿನ ಬೀಜ ಇರಬಹುದು. ಕಾಡಿನದ್ದರಲ್ಲಿ ಲೈಕೋಪೀನ್ ಜಾಸ್ತಿ, ಅದು ನಿಜ. ಸಣ್ಣ ಹಣ್ಣಲ್ಲಿ ತೂಕಕ್ಕೆ ಸಿಪ್ಪೆ ಜಾಸ್ತಿ, ಲೈಕೋಪೀನ್ ಸಿಪ್ಪೆಯಲ್ಲೇ ದಟ್ಟ. ಆದರೆ ನೀವು ಬೈಯುವ ಹೈಬ್ರಿಡ್‌ಗಳಿಗೆ ಸೊರಗು ರೋಗ ತಡೆಯುವ ಗುಣ ಬಂದಿದ್ದೂ ಅದೇ ಕಾಡು ಗಿಡದಿಂದ.

ದಾವಣಗೆರೆ ಅಕ್ಕ: ಫಾರ್ವರ್ಡ್ ಬಂದಿದೆ. ಖಾಲಿ ಹೊಟ್ಟೆಗೆ 21 ಹಸಿ ಚೆರ್ರಿ ಟೊಮೇಟೊ ತಿಂದರೆ ಶುಗರ್ ಮಾತ್ರೆ ಬಿಡಬಹುದಂತೆ. ನಮ್ಮ ಅತ್ತೆಗೆ ಶುರು ಮಾಡಿದ್ದೇವೆ. ಅವರಿಗೆ ಕಿಡ್ನಿಯೂ ಸ್ವಲ್ಪ ವೀಕು.

ಮೇಡಂ: ಮಾತ್ರೆ ನಿಲ್ಲಿಸಿದ್ದೀರಾ? ನಿಲ್ಲಿಸಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಾನು ಗಿಡ ನೋಡುವವಳು, ಆದರೂ ಇಷ್ಟು ಗೊತ್ತು: 100 ಗ್ರಾಂ ಟೊಮೇಟೊದಲ್ಲಿ 240 ಮಿಲಿಗ್ರಾಂ ಹತ್ತಿರ ಪೊಟ್ಯಾಸಿಯಂ ಇದೆ, ಕಿಡ್ನಿ ವೀಕಿದ್ದವರು ಡಾಕ್ಟರನ್ನು ಕೇಳದೆ ದಿನಾ ಬಟ್ಟಲುಗಟ್ಟಲೆ ತಿನ್ನುವಂತಿಲ್ಲ. 21 ಅಂತೆ, ಯಾರು ಎಣಿಸಿ ನೋಡಿದವರು? ಇಂಥ ಫಾರ್ವರ್ಡ್ ಇಲ್ಲಿ ಹಾಕಲೇಬೇಡಿ.

ದಾವಣಗೆರೆ ಅಕ್ಕ: ಸುಮ್ನೆ ಕೇಳಿದೆ ಮೇಡಂ, ರೇಗಬೇಡಿ.

ಹಿರಿಯೂರು: ಹಸಿಯಾಗೇ ತಿನ್ನಬೇಕಾ, ಬೇಯಿಸಿದ್ದಾ?

ಮೇಡಂ: ಎಣ್ಣೆ ಹಾಕಿ ಬೇಯಿಸಿದರೆ ಲೈಕೋಪೀನ್ ಮೈಗೆ ಚೆನ್ನಾಗಿ ಹತ್ತುತ್ತದೆ, ವಿಟಮಿನ್ ಸಿ ಕಮ್ಮಿಯಾಗುತ್ತದೆ. ಎರಡೂ ತಿನ್ನಿ.

ಹೊಸದುರ್ಗ: ಫ್ರಿಜ್ಜಲ್ಲಿ ಇಡಬಹುದಾ?

ಮೇಡಂ: ಮೇಲೆ ಓದಿ.

ಹೊಳಲ್ಕೆರೆ ತೋಟ: ನಾಟಿ ಬೀಜ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.

ಹರಿಹರ: ನೋಡಿ, ದುಡ್ಡು ನೋಡದವರ ವ್ಯಾಪಾರ 😄

ಹೊಳಲ್ಕೆರೆ ತೋಟ: ಮರ್ಯಾದೆಯಿಂದ ಮಾತಾಡಿ.

ಚಳ್ಳಕೆರೆ ರೈತ: ಬ್ಯಾಟರಿ ಹಿಡಿದು ನೋಡಿ ಬಂದೆ ಮೇಡಂ. ಎಲೆ ಕೆಳಗೆ ಆರು ಹಣ್ಣು ಕೆಂಪಿವೆ. ಬಿಸಿಲಿಗೆ ಬಿದ್ದವೆಲ್ಲ ಹಳದಿ.

ಮೇಡಂ: ನಾಳೆ ಪರದೆ ಕಟ್ಟಿ. ಔಷಧಿ ವಾಪಸ್ ಕೊಡಿ. ನಾನು ಹೊರಟೆ.

ಜಗಳೂರು: ಮೇಡಂ, ಎಲೆ ಮುದುಡಿದ್ದು?