ಫಾರ್ವರ್ಡ್ ಒತ್ತುವ ಮುಂಚೆ ಮೇಲ್‌ನ ಬುಡ ನೋಡ್ತೀರಾ?

ಕೇಳಿದವರು: ಬಡಾವಣೆ ಸಂಘದ ಹೊಸ ಕಾರ್ಯದರ್ಶಿ

ನಮ್ಮ ಬಡಾವಣೆಯ ಸಂಘಕ್ಕೆ ಈ ವರ್ಷ ನಾನೇ ಕಾರ್ಯದರ್ಶಿ. ಒಟ್ಟು 86 ಮನೆ. ಸಂಪ್ ಕ್ಲೀನ್ ಮಾಡುವವರ ಕೊಟೇಶನ್ ಅನ್ನು ಖಜಾಂಚಿ ಮೇಲ್‌ನಲ್ಲಿ ಕಳಿಸಿದ್ದರು. ಎಲ್ಲರೂ ನೋಡಲಿ ಅಂತ ಫಾರ್ವರ್ಡ್ ಒತ್ತಿದೆ. ಹದಿನೈದು ದಿನದ ಹಿಂದೆ ನಾವಿಬ್ಬರೂ ಬರೆದುಕೊಂಡಿದ್ದ ಮಾತು ಅದರ ಬುಡದಲ್ಲೇ ಇತ್ತು. "ಆ ಕೊನೇ ಮನೆಯವರು ಎಂಟು ತಿಂಗಳಿಂದ ಮೇಂಟೆನೆನ್ಸ್ ಕೊಟ್ಟಿಲ್ಲ, ಅವರನ್ನು ಕೇಳೋದೇ ದಂಡ" ಅಂತ. ಕೊನೇ ಮನೆಯವರೂ ಓದಿದರು. ಸಾಲದ್ದಕ್ಕೆ ಎಲ್ಲರ ವಿಳಾಸವನ್ನೂ 'ಟು' ಜಾಗದಲ್ಲೇ ಹಾಕಿದ್ದೆ. ಮರುದಿನದಿಂದ ಯಾರದೋ ಭಾವಮೈದ 86 ಮನೆಗೂ ಇನ್ಶೂರೆನ್ಸ್ ಮೇಲ್ ಕಳಿಸುತ್ತಿದ್ದಾನೆ.

ಮೇಲ್ ಫಾರ್ವರ್ಡ್ ಮಾಡುವಾಗ ನೀವೆಲ್ಲ ಏನೇನು ನೋಡಿಕೊಳ್ಳುತ್ತೀರಿ? ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಾಗಿದೆ.

ಇಪ್ಪತ್ತು ವರ್ಷದಿಂದ ಸೇಲ್ಸ್‌ನಲ್ಲಿರುವವರು

ಬೈಯಲ್ಲ ಬಿಡಿ, ನನ್ನದು ಇದಕ್ಕಿಂತ ದೊಡ್ಡದು. 2009ರಲ್ಲಿ ಒಬ್ಬ ಗ್ರಾಹಕರಿಗೆ ರೇಟ್ ಪಟ್ಟಿ ಫಾರ್ವರ್ಡ್ ಮಾಡಿದೆ. ಕೆಳಗೆ ನಮ್ಮ ಮ್ಯಾನೇಜರ್ ನನಗೆ ಬರೆದದ್ದು ಹಾಗೇ ಇತ್ತು: "ಇನ್ನೂ ನೂರಕ್ಕೆ ಹತ್ತು ಇಳಿಸಬಹುದು, ಮೊದಲು ಅವರು ಕೇಳಲಿ." ಹತ್ತೇ ನಿಮಿಷದಲ್ಲಿ ಗ್ರಾಹಕರ ಉತ್ತರ ಬಂತು. ಒಂದೇ ಪದ: "ಕೇಳಿದ್ದೇವೆ."

ಇದು ಯಾಕೆ ಆಗುತ್ತೆ ಗೊತ್ತಾ? ಓದುವಾಗ ಜಿಮೇಲ್ ಹಳೇ ಮಾತುಕತೆಯನ್ನೆಲ್ಲ ಮೂರು ಚುಕ್ಕಿಯ ಹಿಂದೆ ಮಡಚಿ ಇಟ್ಟಿರುತ್ತದೆ. ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಇಲ್ಲವೇ ಇಲ್ಲ ಅಂದುಕೊಳ್ಳುತ್ತೇವೆ. ಫಾರ್ವರ್ಡ್ ಒತ್ತಿದ ಕೂಡಲೇ ಅದೆಲ್ಲ ಹನುಮಂತನ ಬಾಲದ ಹಾಗೆ ಹಿಂದೆ ಹೊರಡುತ್ತದೆ. ಅಟ್ಯಾಚ್‌ಮೆಂಟ್ ಕಥೆಯೂ ಅಷ್ಟೇ. ರಿಪ್ಲೈ ಮಾಡಿದರೆ ಫೈಲು ಹೋಗುವುದಿಲ್ಲ, ಫಾರ್ವರ್ಡ್ ಮಾಡಿದರೆ ಹೋಗುತ್ತದೆ. ಮೂರು ಫೈಲ್ ಇದ್ದರೆ ಮೂರೂ ಹೋಗುತ್ತವೆ. ಅದರಲ್ಲೊಂದು ಯಾರದೋ ಕ್ಯಾನ್ಸಲ್ ಚೆಕ್‌ನ ಫೋಟೋ ಆಗಿದ್ದರೂ ಅದು ಕೇಳಿ ಹೋಗಲ್ಲ.

ನಿಮ್ಮ ವಿಷಯದಲ್ಲಿ ಫಾರ್ವರ್ಡೇ ಬೇಕಿರಲಿಲ್ಲ ಅನ್ನೋದು ನನ್ನ ಲೆಕ್ಕ. ಕೊಟೇಶನ್ ಇಳಿಸಿಕೊಂಡು, ಹೊಸ ಮೇಲ್ ತೆರೆದು, ಎರಡು ಸಾಲು ಬರೆದು ಕಳಿಸಿದ್ದರೆ ಆಗುತ್ತಿತ್ತು. ಜನಕ್ಕೂ ಅನುಕೂಲ. ಐದು ಮೇಲ್ ಕೆಳಗೆ ಎಲ್ಲೋ ಇರುವ ರೇಟನ್ನು 86 ಜನ ಯಾಕೆ ಹುಡುಕಬೇಕು? ಫಾರ್ವರ್ಡ್ ಮಾಡಲೇಬೇಕು ಅಂದರೆ, ಯಾಕೆ ಕಳಿಸ್ತಿದ್ದೀರಿ ಅಂತ ಮೇಲೆ ಒಂದು ಸಾಲು ಬರೆಯಿರಿ. ಬರೀ "ನೋಡಿ" ಅಂತ ಬಂದ ಮೇಲ್ ಕಂಡರೆ ನನಗೆ ಮೈ ಉರಿಯುತ್ತೆ.

ಇನ್ನೊಂದು ಅಭ್ಯಾಸ ಹೇಳ್ತೀನಿ. ವಿಳಾಸ ಹಾಕುವುದು ನನಗೆ ಕೊನೇ ಕೆಲಸ. ಮೊದಲು ಬಾಲ ಕತ್ತರಿಸ್ತೀನಿ, ಫೈಲ್ ನೋಡ್ತೀನಿ, ಬರೆಯೋದು ಬರೀತೀನಿ, ಆಮೇಲೆ ವಿಳಾಸ. ಕೈ ತಪ್ಪಿ ಸೆಂಡ್ ಒತ್ತಿದರೂ ಎಲ್ಲೂ ಹೋಗುವುದಿಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ 'ಅನ್‌ಡು ಸೆಂಡ್' ಸಾಮಾನ್ಯವಾಗಿ 5 ಸೆಕೆಂಡ್ ಇರುತ್ತದೆ, ಅದನ್ನು 30 ಮಾಡಿಕೊಳ್ಳಿ. ಅಲ್ಲಿ ಅದಕ್ಕಿಂತ ಜಾಸ್ತಿ ಸಿಗಲ್ಲ. ಅದು ಹೋದ ಮೇಲ್ ಅನ್ನು ವಾಪಸ್ ಕರೆಯುವುದಲ್ಲ, ಕಳಿಸುವುದನ್ನೇ ತಡ ಮಾಡುವುದು. ಹೊರಟು ಹೋಯಿತೋ, ಹೋಯಿತು. ಔಟ್‌ಲುಕ್‌ನ 'ರಿಕಾಲ್' ಕೂಡ ಒಂದೇ ಸಂಸ್ಥೆಯ ಒಳಗಿನವರಿಗೆ ಮಾತ್ರ. ಹೊರಗಿನ ಗ್ರಾಹಕರ ಮೇಲೆ ಅದನ್ನು ಪ್ರಯೋಗಿಸಿ ನೋಡಿ, ಬಿಟ್ಟಿದ್ದ ಮೇಲ್ ಅನ್ನೂ ಹುಡುಕಿ ಓದ್ತಾರೆ.

ಟೈಪಿಂಗ್ ಹೇಳಿಕೊಡುತ್ತಿದ್ದ ಮೇಷ್ಟ್ರು

ವಿಳಾಸದ ಬಗ್ಗೆ ನಾನು ಹೇಳುತ್ತೇನೆ. ಸಿಸಿ ಅಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್‌ಗೆ ಎರಡು ಹಾಳೆ ನಡುವೆ ನೀಲಿ ಕಾರ್ಬನ್ ಇಟ್ಟು, ಯಾರಿಗೆ ಪ್ರತಿ ಅಂತ ಕೆಳಗೆ ಹೊಡೆಯುತ್ತಿದ್ದೆವು. ಬಿಸಿಸಿ ಅಂದರೆ ಆ ಹೆಸರು ಮೂಲ ಪತ್ರದಲ್ಲಿ ಬೀಳದ ಹಾಗೆ ಕೊಟ್ಟ ಪ್ರತಿ. ಮೇಲ್‌ನಲ್ಲೂ ಅದೇ. ನೀವು 'ಟು' ಜಾಗದಲ್ಲಿ ನಿಮ್ಮದೇ ವಿಳಾಸ ಹಾಕಿ, ಉಳಿದ 85 ಮನೆಯವರನ್ನೂ ಬಿಸಿಸಿಗೆ ಹಾಕಿ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಯಾರಾದರೂ 'ರಿಪ್ಲೈ ಆಲ್' ಒತ್ತಿದರೂ ಬರುವುದು ನಿಮಗೊಬ್ಬರಿಗೆ. ಸಂಪ್ ವಿಷಯಕ್ಕೆ ಇಪ್ಪತ್ತು ಜನ "ಓಕೆ" ಅಂತ ಎಲ್ಲರಿಗೂ ಕಳಿಸುವ ಹಿಂಸೆ ತಪ್ಪುತ್ತದೆ.

ಮೇಲಿನ ಸೇಲ್ಸ್‌ನವರು ಮತ್ತೆ

ಮೇಷ್ಟ್ರೇ, ದೊಡ್ಡ ಪಟ್ಟಿಗೆ ಸರಿ. ಆದರೆ ನಾಲ್ಕು ಜನರ ಆಫೀಸ್ ಮಾತಿಗೆ ಬಾಸ್ ಅನ್ನು ಗುಟ್ಟಾಗಿ ಬಿಸಿಸಿಗೆ ಹಾಕುವುದು ನನಗೆ ಸೇರಲ್ಲ, ಬಾಗಿಲ ಹಿಂದೆ ಯಾರನ್ನೋ ನಿಲ್ಲಿಸಿದ ಹಾಗೆ. ಅದೂ ಅಲ್ಲದೆ, ಆ ಬಾಸ್ ಮರೆತು 'ರಿಪ್ಲೈ ಆಲ್' ಒತ್ತಿದರೆ ಗುಟ್ಟು ರಟ್ಟು. ನೋಡಿದ್ದೇನೆ.

ಗ್ರಂಥಾಲಯದಲ್ಲಿ ಕೆಲಸ ಮಾಡುವವರು

ನಂದು ಪುಟ್ಟದು. ಇಷ್ಟಪಟ್ಟು ಓದುತ್ತಿದ್ದ ಒಂದು ನ್ಯೂಸ್‌ಲೆಟರ್ ಅನ್ನು ಅತ್ತಿಗೆಗೆ ಫಾರ್ವರ್ಡ್ ಮಾಡಿದೆ. ಅವರಿಗೆ ಬೇಡವಾಯಿತು, ಕೆಳಗಿದ್ದ 'ಅನ್‌ಸಬ್‌ಸ್ಕ್ರೈಬ್' ಒತ್ತಿದರು. ನನಗೆ ಬರುವುದು ನಿಂತುಹೋಯಿತು! ಆ ಕೊಂಡಿ ನನ್ನ ಹೆಸರಿನದು, ಯಾರು ಒತ್ತಿದರೂ ಲೆಕ್ಕ ನನ್ನದೇ. ಈಗ ಆ ಸಾಲು ಅಳಿಸಿ ಕಳಿಸುತ್ತೇನೆ.

ಬ್ಯಾಂಕಿನಿಂದ ನಿವೃತ್ತರು

ಎಲ್ಲರೂ ನಗುತ್ತಿದ್ದೀರಿ, ನಾನು ಸ್ವಲ್ಪ ಗಂಭೀರವಾಗುತ್ತೇನೆ. ಸಂಘದ ಕಾರ್ಯದರ್ಶಿ ಅಂದರೆ ಬಾಡಿಗೆದಾರರ ಆಧಾರ್ ಕೂಡ ನಿಮ್ಮ ಮೇಲ್‌ಗೆ ಬರುತ್ತಿರಬೇಕು ಅಲ್ವಾ? ಬಾಡಿಗೆದಾರ ಮಾಲೀಕರಿಗೆ, ಮಾಲೀಕರು ಬ್ರೋಕರ್‌ಗೆ, ಬ್ರೋಕರ್ ನಿಮಗೆ. ಅಷ್ಟೂ ಮೇಲ್‌ಬಾಕ್ಸ್‌ಗಳಲ್ಲಿ ಅದು ಕೂತಿರುತ್ತದೆ. "ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ" ಅನ್ನಬೇಡಿ. ಇ-ಆಧಾರ್ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದರ ಮುಂದೆ ಹುಟ್ಟಿದ ವರ್ಷ. ಹೆಸರು ಮೇಲ್‌ನಲ್ಲೇ ಇರುತ್ತದೆ. ವರ್ಷ ಊಹಿಸುವುದು ಎಷ್ಟು ಹೊತ್ತು? ಎಷ್ಟೋ ಜನ ಪಾಸ್‌ವರ್ಡನ್ನೂ ಅದೇ ಮೇಲ್‌ನಲ್ಲಿ ಬರೆದು ಕಳಿಸುತ್ತಾರೆ, ಬೀಗದ ಕೈ ಬೀಗಕ್ಕೇ ಕಟ್ಟಿದ ಹಾಗೆ.

ಆಧಾರ್ ಜಾಲತಾಣದಲ್ಲೇ 'ಮಾಸ್ಕ್ಡ್ ಆಧಾರ್' ಸಿಗುತ್ತದೆ. ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ತೋರಿಸುತ್ತದೆ. ಅದನ್ನೇ ಕೇಳಿ. ಕೆಲಸ ಮುಗಿದ ಮೇಲೆ ಮೇಲ್ ಅಳಿಸಿ. 'ಸೆಂಟ್' ಪೆಟ್ಟಿಗೆಯಲ್ಲೂ ಒಂದು ಪ್ರತಿ ಇರುತ್ತದೆ, ಅದನ್ನು ಎಲ್ಲರೂ ಮರೆಯುತ್ತಾರೆ.

ಅಮ್ಮನ ಫೋನ್ ನೋಡಿಕೊಳ್ಳುವವರು

ಚಿಕ್ಕವಳಿದ್ದಾಗ ಮನೆಗೆ ಪೋಸ್ಟ್‌ಕಾರ್ಡ್ ಬರುತ್ತಿತ್ತು. ದೇವರ ಹೆಸರು ಹಾಕಿ, ಇಷ್ಟು ಜನಕ್ಕೆ ಬರೆದು ಕಳಿಸಿ, ಇಲ್ಲದಿದ್ದರೆ ಕೇಡು ಅಂತ. ಅಜ್ಜಿ ಕೂತು ಬರೆಸುತ್ತಿದ್ದರು, ಬರೆಯುವ ಗೋಳು ನನ್ನದು. ಈಗ ಅಮ್ಮನಿಗೆ "ತೆರಿಗೆ ರಿಫಂಡ್ ಬಂದಿದೆ, ಇಲ್ಲಿ ಒತ್ತಿ" ಅಂತ ಮೇಲ್ ಬರುತ್ತದೆ. ಒಮ್ಮೆ ಅದನ್ನು "ಇದು ಮೋಸ ಇರಬಹುದಾ?" ಅಂತ ಕೇಳಿ ನಾಲ್ಕು ಜನ ನೆಂಟರಿಗೆ ಫಾರ್ವರ್ಡ್ ಮಾಡಿದ್ದರು. ಅದರಲ್ಲಿ ಒಬ್ಬರು ಪ್ರಶ್ನೆ ಓದಲಿಲ್ಲ. ಅಮ್ಮ ಕಳಿಸಿದ್ದು ಅಂದ ಮೇಲೆ ಸರಿಯೇ ಇರಬೇಕು ಅಂತ ಕೊಂಡಿ ಒತ್ತಿದರು. ಪುಣ್ಯಕ್ಕೆ ಕಾರ್ಡ್ ನಂಬರ್ ಕೇಳಿದಾಗ ನಿಲ್ಲಿಸಿದರು.

ಈಗ ನಮ್ಮ ಮನೆ ನಿಯಮ: ಅನುಮಾನ ಬಂದರೆ ಸ್ಕ್ರೀನ್‌ಶಾಟ್ ಕಳಿಸು, ಮೇಲ್ ಕಳಿಸಬೇಡ. ಚಿತ್ರದೊಳಗಿನ ಕೊಂಡಿಯನ್ನು ಸುಮ್ನೆ ಒತ್ತಿದರೆ ಏನೂ ತೆರೆಯಲ್ಲ. ಆದರೆ ದೂರು ಕೊಡುವಾಗ ಇದು ಉಲ್ಟಾ. ಆಗ ಮೂಲ ಮೇಲ್ ಬೇಕು. ಜಿಮೇಲ್‌ನಲ್ಲಿ ಕಂಪ್ಯೂಟರಿನಿಂದ 'ಫಾರ್ವರ್ಡ್ ಆಸ್ ಅಟ್ಯಾಚ್‌ಮೆಂಟ್' ಮಾಡಿದರೆ, ಅದು ಯಾವ ದಾರಿಯಲ್ಲಿ ಬಂತು ಅನ್ನುವ ಗುರುತೂ ಜೊತೆಗೆ ಉಳಿಯುತ್ತದೆ. ಮಾಮೂಲಿ ಫಾರ್ವರ್ಡ್‌ನಲ್ಲಿ ಅದು ಹೋಗಿಬಿಡುತ್ತದೆ. ದುಡ್ಡು ಹೋಗಿದ್ದರೆ ಇದೆಲ್ಲ ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್.

ಕಂಪ್ಯೂಟರ್ ರಿಪೇರಿ ಅಂಗಡಿಯವರು

ಇಷ್ಟೆಲ್ಲ ಹೇಳಿದ ಮೇಲೆ ಒಂದೇ ಉಳೀತು. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್' ಅಂತ ಒಂದು ಪುಟ ಇದೆ, ಒಮ್ಮೆ ತೆರೆದು ನೋಡಿ. ಪಕ್ಕದ 'ಫಿಲ್ಟರ್ಸ್' ಪುಟವನ್ನೂ. ಖಾತೆಗೆ ನುಗ್ಗಿದ ಕಳ್ಳರು ಅಲ್ಲಿ ತಮ್ಮ ವಿಳಾಸ ಹಾಕಿಟ್ಟು ಹೋಗುವುದುಂಟು. ನೀವು ಏನನ್ನೂ ಫಾರ್ವರ್ಡ್ ಮಾಡದಿದ್ದರೂ ನಿಮ್ಮ ಮೇಲ್ ತನ್ನಷ್ಟಕ್ಕೆ ಹೋಗುತ್ತಿರುತ್ತದೆ. ಸಂಘದ ಮೇಲ್ ಖಾತೆ ಹಳೇ ಕಾರ್ಯದರ್ಶಿಯಿಂದ ನಿಮಗೆ ಬಂದಿದ್ದರಂತೂ ಇವತ್ತೇ ನೋಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನೋಡಿದೆ. ನಾಲ್ಕು ವರ್ಷದ ಹಿಂದಿನ ಕಾರ್ಯದರ್ಶಿಯ ವಿಳಾಸ ಇನ್ನೂ ಅಲ್ಲೇ ಇತ್ತು! ಪಾಪ, ಅವರು ಊರು ಬಿಟ್ಟು ಹೋಗಿದ್ದಾರೆ, ನಮ್ಮ ಸಂಪ್ ಜಗಳ ಅಲ್ಲಿ ಕೂತು ಓದುತ್ತಿದ್ದರೋ ಏನೋ. ತೆಗೆದೆ. 30 ಸೆಕೆಂಡ್ ಕೂಡ ಮಾಡಿಕೊಂಡೆ.

ಕೊನೇ ಮನೆಗೆ ನಿನ್ನೆ ಸಂಜೆ ಖಜಾಂಚಿಯನ್ನೂ ಕರೆದುಕೊಂಡು ಹೋಗಿ ಕ್ಷಮೆ ಕೇಳಿದೆವು. ಕಾಫಿ ಕೊಟ್ಟರು. ಎದ್ದು ಬರುವಾಗ ಏಳು ತಿಂಗಳ ಚೆಕ್ ಕೈಗಿಟ್ಟರು. ಎಂಟಲ್ವಾ ಅಂತ ಖಜಾಂಚಿ ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: "ಒಂದು ತಿಂಗಳದ್ದು ನಿಮಗೆ ದಂಡ."