ಪೊಲೀಸ್ ತರಬೇತಿಗೆ ಹೊರಟಿದ್ದೇನೆ, ಕಾನೂನು ಪಾಠದ್ದೇ ಭಯ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ

ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಆಯ್ಕೆಯಾಗಿದ್ದೇನೆ. ಮುಂದಿನ ತಿಂಗಳು ಬುನಾದಿ ತರಬೇತಿ ಆರಂಭ. ಓಟ, ಕವಾಯತು, ಬಂದೂಕು ಯಾವುದಕ್ಕೂ ಅಂಜಿಕೆಯಿಲ್ಲ. ಓದಿದ್ದು ಬಿ.ಕಾಂ., ಕಾನೂನಿನ ಪುಸ್ತಕ ಮುಟ್ಟಿದವನಲ್ಲ. ಅಪರಾಧ, ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 358 ಕಲಂಗಳು, ತನಿಖೆ, ವಿಚಾರಣೆಯ ವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 531, ಸಾಕ್ಷ್ಯ ಅಧಿನಿಯಮದಲ್ಲಿ 170. ಇಷ್ಟನ್ನೂ ಬಾಯಿಪಾಠ ಮಾಡಬೇಕೇ? ಯಾವುದನ್ನು ಮೊದಲು ಹಿಡಿಯಬೇಕು? ಠಾಣೆಗೆ ಹೋದ ಮೇಲೆ ನಿಜವಾಗಿ ಕೈಹಿಡಿಯುವುದು ಯಾವುದು? ಇಲಾಖೆಯಲ್ಲಿ, ನ್ಯಾಯಾಲಯದಲ್ಲಿ ಕೆಲಸ ಮಾಡಿದ ಹಿರಿಯರು ದಯವಿಟ್ಟು ತಿಳಿಸಿ.

ನಿವೃತ್ತ ಎ.ಎಸ್.ಐ., 34 ವರ್ಷ ಸೇವೆ

ತಮ್ಮಾ, ಮೊದಲು ನನ್ನದೊಂದು ತಪ್ಪನ್ನು ಹೇಳುತ್ತೇನೆ. ಇದನ್ನು ಯಾವ ತರಗತಿಯಲ್ಲೂ ಕಲಿತಿರಲಿಲ್ಲ.

ಸೇವೆಗೆ ಸೇರಿ ಎರಡನೇ ವರ್ಷ. ಕೊಲೆ ಪ್ರಕರಣವೊಂದರ ರಕ್ತದ ಬಟ್ಟೆ, ಮಚ್ಚು, ರಕ್ತ ಬಿದ್ದ ಮಣ್ಣು, ಎಲ್ಲವನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ ಅರಗಿನ ಮೊಹರು ಹಾಕಿ ಠಾಣೆ ಬರಹಗಾರರು ನನ್ನ ಕೈಗೆ ಕೊಟ್ಟರು. ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಮುಟ್ಟಿಸಿ ಸ್ವೀಕೃತಿ ತರುವುದು ನನ್ನ ಕೆಲಸ. ಬಸ್ಸು ತಡವಾಯಿತು, ಪ್ರಯೋಗಾಲಯದ ಬಾಗಿಲು ಮುಚ್ಚಿತ್ತು. ಪೊಟ್ಟಣಗಳನ್ನು ತಂಗಿದ್ದ ಕೋಣೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬೆಳಿಗ್ಗೆ ಒಪ್ಪಿಸಿ ಸ್ವೀಕೃತಿ ತಂದೆ. ಯಾರೂ ಅವನ್ನು ಮುಟ್ಟಿರಲಿಲ್ಲ.

ನಾಲ್ಕು ವರ್ಷದ ನಂತರ ಸಾಕ್ಷಿ ಕಟ್ಟೆ ಹತ್ತಿಸಿದರು. ಆರೋಪಿ ಪರ ವಕೀಲರು ಗದರಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ. "ಠಾಣೆ ಬಿಟ್ಟಿದ್ದು ಯಾವ ದಿನ?" ಹೇಳಿದೆ. "ಒಪ್ಪಿಸಿದ್ದು?" ಮಾರನೆಯ ದಿನ. "ಹಾಗಾದರೆ ಆ ರಾತ್ರಿ ಪೊಟ್ಟಣ ಎಲ್ಲಿತ್ತು?" ನನ್ನ ಟ್ರಂಕಿನಲ್ಲಿ. "ಎಲ್ಲಿ ಬರೆದಿದ್ದೀರಿ?" ಎಲ್ಲೂ ಬರೆದಿರಲಿಲ್ಲ. "ಕೋಣೆಯಲ್ಲಿ ನಿಮ್ಮ ಜೊತೆ ಯಾರಿದ್ದರು?" ಇನ್ನಿಬ್ಬರು ಇದ್ದರು. ಅಷ್ಟೇ ಕೇಳಿ ಕುಳಿತರು. ಆರೋಪಿ ಬಿಡುಗಡೆಯಾದ. ಬೇರೆ ಕಾರಣಗಳೂ ಇದ್ದವು, ಆದರೆ ತೀರ್ಪಿನ ಒಂದು ಪ್ಯಾರಾ ಪೂರ್ತಿ ನನ್ನ ಆ ರಾತ್ರಿಯದ್ದೇ. ಸತ್ತವನ ತಾಯಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಅವರ ಮುಂದೆ ಹಾದು ಹೋಗಲಾರದೆ ಹಿಂದಿನ ಮೆಟ್ಟಿಲಿನಿಂದ ಇಳಿದೆ.

ಕಾನ್‌ಸ್ಟೇಬಲ್ ಎಂದರೆ ಕಾವಲು, ಬಂದೋಬಸ್ತು ಮಾತ್ರ ಎಂದುಕೊಳ್ಳಬೇಡ. ಘಟನಾ ಸ್ಥಳಕ್ಕೆ ಎಲ್ಲರಿಗಿಂತ ಮೊದಲು ಹೋಗುವವನು ನೀನು. ಪೊಟ್ಟಣ ಒಯ್ಯುವವನು, ಸಮನ್ಸ್ ಜಾರಿ ಮಾಡುವವನು, ಕಾವಲಿಗೆ ನಿಲ್ಲುವವನು ನೀನೇ. ಇವುಗಳಲ್ಲಿ ಯಾವುದಕ್ಕೆ ಬೇಕಾದರೂ ಒಂದು ದಿನ ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕಾಗುತ್ತದೆ.

ಓದುವ ಬಗೆ ಕೇಳಿದೆ. ಒಂದರಿಂದ 531ರವರೆಗೆ ಓದಿದರೆ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಒಂದು ಕಳ್ಳತನ ಹಿಡಿದುಕೋ. ಮನೆಯೊಂದರಿಂದ ಮೊಬೈಲ್ ಹೋಯಿತು ಎಂದಿಟ್ಟುಕೋ: ನ್ಯಾಯ ಸಂಹಿತೆ 305. ಫಿರ್ಯಾದಿ ಬಂದರು, ಎಫ್ಐಆರ್ ಆಯಿತು. ಅದು ಸುರಕ್ಷಾ ಸಂಹಿತೆಯ 173, ಪ್ರತಿಯನ್ನು ಫಿರ್ಯಾದಿಗೆ ಉಚಿತವಾಗಿ ಕೊಡಬೇಕು. ಸ್ಥಳಕ್ಕೆ ಹೋಗಿ ಪಂಚರ, ಅಂದರೆ ಸ್ಥಳೀಯ ಸಾಕ್ಷಿಗಳ ಮುಂದೆ ಮಹಜರು, ಅಂದರೆ ಅಲ್ಲಿ ಕಂಡದ್ದರ ಲಿಖಿತ ದಾಖಲೆ. ಶೋಧ, ಜಪ್ತಿ ಇದ್ದರೆ ಕಲಂ 105ರಂತೆ ವಿಡಿಯೊ ಚಿತ್ರೀಕರಣ. ಸಾಕ್ಷಿಗಳ ಹೇಳಿಕೆ 180. ದಸ್ತಗಿರಿಯ ಅಧಿಕಾರ 35, ಮೆಮೊ 36, ಇಪ್ಪತ್ತನಾಲ್ಕು ಗಂಟೆಯ ಗಡಿ 58. ಕೊನೆಗೆ ದೋಷಾರೋಪಣ ಪಟ್ಟಿ 193. ಒಂದೊಂದು ಹೆಜ್ಜೆಯ ಮುಂದೆಯೂ ಯಾರು ಮಾಡಬೇಕು, ಯಾವ ಕಾಗದ ಹುಟ್ಟುತ್ತದೆ, ಯಾರ ಸಹಿ ಬೇಕು ಎಂದು ಬರೆದುಕೋ. ಮೊಬೈಲಿನ ಜಾಗದಲ್ಲಿ ಹೊಡೆದಾಟ ಇಟ್ಟು ಇನ್ನೊಮ್ಮೆ ಬರೆ, ಆಮೇಲೆ ಅಪಘಾತ. ಮೂರನೇ ಸಲಕ್ಕೆ ಕಲಂ ತಾನಾಗಿ ಬಾಯಿಗೆ ಬರುತ್ತದೆ.

ತರಬೇತಿಯಲ್ಲಿರುವ ಪ್ರಶಿಕ್ಷಣಾರ್ಥಿ

ನನಗಿನ್ನೂ ನಾಲ್ಕನೇ ತಿಂಗಳು, ಹಾಗಾಗಿ ಒಂದೇ ವಿಷಯ. ಹಳೆಯ ಕಲಂ, ಹೊಸ ಕಲಂ ಎರಡನ್ನೂ ಅಕ್ಕಪಕ್ಕ ಬರೆದ ಪಟ್ಟಿಯೊಂದನ್ನು ಈಗಲೇ ಮಾಡಿಟ್ಟುಕೊಳ್ಳಿ. ಈ ಮೂರು ಹೊಸ ಕಾನೂನುಗಳು ಜಾರಿಯಾದದ್ದು 2024ರ ಜುಲೈ 1ರಂದು. ಅದಕ್ಕೆ ಹಿಂದಿನ ದಿನ ನಡೆದ ಅಪರಾಧಕ್ಕೆ ಇಂದು ಫಿರ್ಯಾದು ಬಂದರೂ ಅಪರಾಧದ ಕಲಂ 1860ರ ದಂಡ ಸಂಹಿತೆಯದ್ದೇ. ಹಿರಿಯರ ಬಾಯಲ್ಲಿ ಈಗಲೂ "ಮುನ್ನೂರ ಎರಡು" ಎಂದರೆ ಕೊಲೆ. ಹೊಸದರಲ್ಲಿ ಕೊಲೆಯ ಶಿಕ್ಷೆ 103. 302 ಎಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು. ವಂಚನೆಯ 420 ಈಗ 318, ಹೊಸ ಸಂಹಿತೆಯಲ್ಲಿ 420ನೇ ಕಲಮೇ ಇಲ್ಲ. ಮೊದಲ ಪರೀಕ್ಷೆಯಲ್ಲಿ ನಮ್ಮ ಬ್ಯಾಚಿನ ಅನೇಕರು ಇಲ್ಲೇ ಅಂಕ ಕಳೆದುಕೊಂಡರು.

ಇನ್ನೊಂದು. ಬೆಳಗಿನ ಕವಾಯತು ಮುಗಿಸಿ ತರಗತಿಗೆ ಕುಳಿತರೆ ಕಣ್ಣು ಎಳೆಯುತ್ತದೆ. ಹಿಂದಿನ ರಾತ್ರಿಯೇ ಪಾಠದ ಮೇಲೆ ಕಣ್ಣಾಡಿಸಿದ್ದರೆ ಕೇಳಲು ಏನಾದರೂ ಪ್ರಶ್ನೆ ಇರುತ್ತದೆ, ಪ್ರಶ್ನೆ ಇದ್ದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ.

ಸಹಾಯಕ ಸರ್ಕಾರಿ ಅಭಿಯೋಜಕಿ

ಎ.ಎಸ್.ಐ. ಅವರು ಬರೆದಂಥ ಪ್ಯಾರಾಗಳನ್ನು ನಾನು ತೀರ್ಪುಗಳಲ್ಲಿ ಆಗಾಗ ಓದುತ್ತೇನೆ. ಅಭಿಯೋಜನೆಯ, ಅಂದರೆ ನ್ಯಾಯಾಲಯದಲ್ಲಿ ಸರ್ಕಾರದ ಪರ ಕೇಸು ನಡೆಸುವವರ ಮೇಜಿನಿಂದ ಕಾಣುವುದನ್ನು ನಾನು ಸೇರಿಸುತ್ತೇನೆ.

ಹೊಸಬರಲ್ಲಿ ಒಂದು ನಂಬಿಕೆ ಇರುತ್ತದೆ: ಆರೋಪಿ ಠಾಣೆಯಲ್ಲಿ ಒಪ್ಪಿಕೊಂಡರೆ ಕೇಸು ಗೆದ್ದಂತೆ. ಅದು ತಪ್ಪು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಇದು ಹಳೆಯ ಸಾಕ್ಷ್ಯ ಅಧಿನಿಯಮದ 25ನೇ ಕಲಂ, ಹೊಸದರಲ್ಲಿ 23. ಇದಕ್ಕೆ ಒಂದು ಕಿರಿದಾದ ಬಾಗಿಲಿದೆ. ಕಸ್ಟಡಿಯಲ್ಲಿರುವವನು "ಸರವನ್ನು ಕದ್ದು ಬಾವಿಯ ಪಕ್ಕದ ಚಪ್ಪಡಿಯಡಿ ಇಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ" ಎಂದ, ಹೋಗಿ ನೋಡಿದರೆ ಸರ ಸಿಕ್ಕಿತು ಎನ್ನಿ. "ಚಪ್ಪಡಿಯಡಿ ಇಟ್ಟಿದ್ದೇನೆ, ತೋರಿಸುತ್ತೇನೆ" ಎಂಬಷ್ಟನ್ನು ನ್ಯಾಯಾಲಯ ಓದುತ್ತದೆ. "ಕದ್ದು" ಎಂಬ ಮಾತನ್ನು ಓದುವುದಿಲ್ಲ. ಹೀಗಿರುವಾಗ ಹೊಡೆದು ಬಾಯಿ ಬಿಡಿಸಿದ್ದರಿಂದ ಯಾರಿಗೆ ಏನು ಬಂತು? ಹೊಡೆದವನು ಆರೋಪಿಯಾಗುತ್ತಾನೆ, ಕೇಸು ಕುಸಿಯುತ್ತದೆ. ಕೆಲವು ಹಿರಿಯರು ನಿಮಗೆ ಬೇರೆ ಪಾಠ ಹೇಳಬಹುದು. ನೀವು ಮಾತ್ರ ಈ ಕಲಂ ಅನ್ನು ಮರೆಯಬೇಡಿ.

ಸಾಕ್ಷಿ ಹೇಳಿಕೆಯ ವಿಷಯ. ಹತ್ತು ಸಾಕ್ಷಿಗಳು, ಹತ್ತರಲ್ಲೂ ಒಂದೇ ವಾಕ್ಯ, ಒಂದೇ ಅಕ್ಷರ ತಪ್ಪು. ಕಂಪ್ಯೂಟರಿನಲ್ಲಿ ನಕಲು ಮಾಡಿದ್ದು ಕಣ್ಣಿಗೆ ರಾಚುತ್ತದೆ. ಕುರಿ ಕಾಯುವ ಅಜ್ಜನೊಬ್ಬ "ಸದರಿ ಆಪಾದಿತನು ಸಮಾನ ಉದ್ದೇಶದಿಂದ" ಎಂದು ಹೇಳಿದ ಎಂದರೆ ಯಾವ ನ್ಯಾಯಾಧೀಶರು ನಂಬುತ್ತಾರೆ? ಅವರು ಆಡಿದಂತೆಯೇ ಬರೆಯಿರಿ. ಈ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸಬಾರದು, ಕಲಂ 181. ಮಹಜರಿಗೆ ಮಾತ್ರ ಪಂಚರ ಸಹಿ ಬೇಕು. ಎರಡನ್ನೂ ಕಲೆಸಿಕೊಳ್ಳುವವರು ಬಹಳ.

ಸಿಸಿಟಿವಿ ದೃಶ್ಯವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದರೆ ಕೆಲಸ ಮುಗಿಯಲಿಲ್ಲ. ಸಾಕ್ಷ್ಯ ಅಧಿನಿಯಮದ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಷ್ ಮೌಲ್ಯ (ಕಡತದ ಡಿಜಿಟಲ್ ಬೆರಳಚ್ಚು ಇದ್ದಂತೆ) ನಮೂದಾಗಿರಬೇಕು. ಅಂಗಡಿಯವರು ತಿಂಗಳ ನಂತರ ಎಲ್ಲಿರುತ್ತಾರೋ, ದಾಖಲೆಯ ಮೇಲೆ ಹೊಸ ದಾಖಲೆ ಬಂದು ಕೂರುತ್ತದೋ, ಹೇಳಲಾಗದು. ಅದೇ ದಿನ ಕೇಳಿ ಪಡೆಯಿರಿ.

ಮಹಿಳಾ ಕಾನ್‌ಸ್ಟೇಬಲ್, ಆರು ವರ್ಷ

ದಸ್ತಗಿರಿಯ ಕಲಂಗಳನ್ನು ಎಷ್ಟು ಓದಿದರೂ ಕಡಿಮೆಯೇ. ಎದೆಯ ಮೇಲಿನ ಹೆಸರಿನ ಪಟ್ಟಿ ಸ್ಪಷ್ಟವಾಗಿ ಕಾಣಬೇಕು. ಮೆಮೊಗೆ ಮನೆಯವರಲ್ಲಿ ಒಬ್ಬರು ಅಥವಾ ಆ ಜಾಗದ ಗಣ್ಯರೊಬ್ಬರು ಸಾಕ್ಷಿ, ದಸ್ತಗಿರಿಯಾದವರದ್ದೂ ಸಹಿ. ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ವೈದ್ಯಕೀಯ ತಪಾಸಣೆ ಮಾಡಿಸಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯನ್ನು ದಸ್ತಗಿರಿ ಮಾಡುವಂತಿಲ್ಲ. ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಾಡಬೇಕು. ಮಹಿಳೆಯನ್ನು ಸಾಕ್ಷಿ ಹೇಳಿಕೆಗಾಗಿ ಠಾಣೆಗೆ ಕರೆಸುವಂತೆಯೂ ಇಲ್ಲ, ಅವರಿರುವಲ್ಲಿಗೆ ನಾವೇ ಹೋಗಬೇಕು.

ಇವೆಲ್ಲ ಏಕಿವೆ ಎಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಒಮ್ಮೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ) ಪ್ರಕರಣದಲ್ಲಿ ಮಹಿಳಾ ಪಿ.ಎಸ್.ಐ. ಮೇಡಂ ಜೊತೆ ಮಗುವೊಂದರ ಮನೆಗೆ ಹೋಗಿದ್ದೆ. ಸಮವಸ್ತ್ರದಲ್ಲಿ ಹೋಗಬಾರದೆಂಬುದು 2012ರ ಆ ಕಾಯ್ದೆಯ ನಿಯಮ, ಹಾಗಾಗಿ ಇಬ್ಬರೂ ಚೂಡಿದಾರದಲ್ಲಿದ್ದೆವು. ಆ ಹುಡುಗಿ ಚಾಪೆಯ ಅಂಚಿನ ಕಡ್ಡಿಗಳನ್ನು ಒಂದೊಂದಾಗಿ ಕಿತ್ತು ಸಾಲಾಗಿ ಜೋಡಿಸುತ್ತಿತ್ತು. ಮೇಡಂ ಏನೂ ಕೇಳಲಿಲ್ಲ. ತಾವೂ ಕೆಳಗೆ ಕುಳಿತು ಒಂದು ಕಡ್ಡಿಯನ್ನು ಸಾಲಿಗೆ ಸೇರಿಸಿದರು. ಮುಕ್ಕಾಲು ಗಂಟೆ ಹಾಗೆಯೇ ಹೋಯಿತು. ಆಮೇಲೆ ಮಗು ತಾನಾಗಿ ಮಾತು ತೆಗೆಯಿತು. ಅಷ್ಟರಲ್ಲಿ ನನ್ನ ಮೊಬೈಲ್ ಗುನುಗಿತು, ಮಗು ಬೆಚ್ಚಿ ಸುಮ್ಮನಾಯಿತು. ಇನ್ನರ್ಧ ಗಂಟೆ ಕಾಯಬೇಕಾಯಿತು. ಅಂದಿನಿಂದ ಹೇಳಿಕೆಗೆ ಹೋಗುವಾಗ ಮೊಬೈಲನ್ನು ಜೀಪಿನಲ್ಲೇ ಬಿಟ್ಟು ಹೋಗುತ್ತೇನೆ.

ಪ್ರಶ್ನೆ ಕೇಳಿದವರು

ಸರ್, ಮೇಡಂ, ಎಲ್ಲರಿಗೂ ಕೈಮುಗಿಯುತ್ತೇನೆ. ಒಂದೇ ಕೇಸನ್ನು ಹಿಡಿದು ಬರೆಯುವುದನ್ನು ಇಂದಿನಿಂದಲೇ ಶುರುಮಾಡಿದೆ. ಕೇಳಲು ಮುಜುಗರವಾಗುತ್ತಿದೆ, ಆದರೂ ಕೇಳುತ್ತೇನೆ. ಓದಿದ ಕಾನೂನು ಒಂದು, ಠಾಣೆಯಲ್ಲಿ ಮೇಲಿನವರು ಹೇಳುವುದು ಇನ್ನೊಂದು ಆದರೆ ಕೆಳಗಿನವನು ಏನು ಮಾಡಬೇಕು?

ನಿವೃತ್ತ ಎ.ಎಸ್.ಐ.

ಮುಜುಗರ ಏಕೆ ತಮ್ಮಾ, ಎಲ್ಲರಿಗೂ ಎದುರಾಗುವ ಪ್ರಶ್ನೆಯೇ ಇದು.

ಹೆಚ್ಚಾಗಿ ಎರಡು ಕಡೆ ಎದುರಾಗುತ್ತದೆ. ಒಂದು, ಬಂದವರನ್ನು "ಇದು ನಮ್ಮ ಸರಹದ್ದಲ್ಲ" ಎಂದು ವಾಪಸು ಕಳಿಸುವುದು. ಸಂಜ್ಞೇಯ, ಅಂದರೆ ವಾರಂಟ್ ಇಲ್ಲದೆ ದಸ್ತಗಿರಿ ಮಾಡಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್ಐಆರ್ ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರಲ್ಲೇ ಹೇಳಿದೆ. ಈಗ 173ನೇ ಕಲಮಿನಲ್ಲೇ ಅಪರಾಧ ಎಲ್ಲಿ ನಡೆದಿದ್ದರೂ ಮಾಹಿತಿ ಕೊಡಬಹುದೆಂದು ಬರೆದಿದೆ. ನಾವು ಜೀರೊ ಎಫ್ಐಆರ್ ಎನ್ನುವುದು ಇದನ್ನೇ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡುವ ಅವಕಾಶವೂ ಅಲ್ಲೇ ಇದೆ. ಅದು ತಿಳಿದಿದ್ದರೆ ವಾದ ಬೇಕಾಗುವುದಿಲ್ಲ. "ಸರ್, ಜೀರೊ ನಂಬರಿನಲ್ಲಿ ತೆಗೆದುಕೊಂಡು ಆ ಠಾಣೆಗೆ ವರ್ಗಾಯಿಸೋಣವೇ?" ಎಂದು ದಾರಿಯನ್ನೇ ಮುಂದಿಟ್ಟರೆ ಹೆಚ್ಚಿನ ಅಧಿಕಾರಿಗಳು ಒಪ್ಪುತ್ತಾರೆ. ನಾನು ಹೀಗೆ ಹೇಳಿ ಬೈಸಿಕೊಂಡದ್ದೂ ಉಂಟು, ಆದರೆ ಫಿರ್ಯಾದಿ ಅಳುತ್ತಾ ವಾಪಸು ಹೋಗಲಿಲ್ಲ.

ಎರಡನೆಯದು ಕಠಿಣ. ಒಬ್ಬನನ್ನು ರಾತ್ರಿ ಕರೆತಂದು, ದಸ್ತಗಿರಿಯನ್ನು ಮಾರನೆಯ ದಿನದ ಲೆಕ್ಕಕ್ಕೆ ಬರೆಯುವುದು. ಸಂವಿಧಾನದ 22ನೇ ವಿಧಿ ಇಪ್ಪತ್ತನಾಲ್ಕು ಗಂಟೆ ಎಂದಿರುವುದು ದಸ್ತಗಿರಿಯಾದ ಗಳಿಗೆಯಿಂದ; ಪ್ರಯಾಣದ ಸಮಯ ಮಾತ್ರ ಹೊರತು. ದಸ್ತಗಿರಿ, ಕಸ್ಟಡಿಯ ನಿಯಮಗಳನ್ನು ಹೇಳಿದ ಡಿ.ಕೆ. ಬಸು ಪ್ರಕರಣದ 1996ರ ತೀರ್ಪನ್ನು ತರಬೇತಿಯಲ್ಲಿ ಓದಿಸುತ್ತಾರೆ, ಗಮನವಿಟ್ಟು ಕೇಳು. ಕಸ್ಟಡಿಯಲ್ಲಿ ಅನಾಹುತವಾದಾಗ ಸೆಂಟ್ರಿಯಲ್ಲಿದ್ದವನನ್ನು ಯಾರೂ ಬಿಡುವುದಿಲ್ಲ, ಮೌಖಿಕ ಆದೇಶ ಕೊಟ್ಟವರಿಗೆ ಅದು ನೆನಪಿರುವುದೂ ಇಲ್ಲ. ನೀನು ಕಾವಲಿಗೆ ನಿಂತಾಗ ಒಳಗೆ ಯಾರಿದ್ದರು, ಮೈಮೇಲೆ ಗಾಯವಿತ್ತೇ, ಎಷ್ಟು ಗಂಟೆಗೆ ಕರೆತಂದರು ಎಂಬುದನ್ನು ಕರ್ತವ್ಯ ವಹಿಸಿಕೊಳ್ಳುವಾಗಲೇ ಠಾಣಾ ದಿನಚರಿಯಲ್ಲಿ ನಮೂದಿಸಲು ಕೇಳು. ಗೌರವದಿಂದ ಕೇಳು, ಆದರೆ ಕೇಳದೆ ಇರಬೇಡ. ಯಾರ ಮೇಲಾದರೂ ಕೈ ಎತ್ತು ಎಂಬ ಆದೇಶವನ್ನು ಮಾತ್ರ ಪಾಲಿಸಬೇಡ. ಅದು ಕಾನೂನುಬದ್ಧ ಆದೇಶವೇ ಅಲ್ಲ.

ತರಬೇತಿಯಲ್ಲಿ ಮಹಜರು ಬರೆಯುವ ಅಭ್ಯಾಸ ಕೊಟ್ಟಾಗ ನೀನು ಬರೆದದ್ದನ್ನು ಇಲ್ಲಿ ಹಾಕು. ಅಳತೆ, ದಿಕ್ಕು, ಬೆಳಕು ಎಲ್ಲಿಂದ ಬರುತ್ತಿತ್ತು, ಆರಂಭಿಸಿದ ಮತ್ತು ಮುಗಿಸಿದ ಸಮಯ, ಈ ನಾಲ್ಕು ಇವೆಯೇ ಎಂದು ನೋಡಿ ಹೇಳುತ್ತೇನೆ.